ಪ್ರಶ್ನೆ ಅಚ್ಚಾಗದ ಪುಟ: ಯೆಹೂದಿ ಬೈಬಲ್ ವ್ಯಾಖ್ಯಾನಗಳನ್ನು ಓದುವ ಕ್ರಮ

ಯೆಹೂದಿ ಸಂಪ್ರದಾಯದ ಬೈಬಲ್ ವ್ಯಾಖ್ಯಾನಗಳನ್ನು ಮೊದಲ ಸಲ ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಕೆಲವರು ಅಲ್ಲಿನ ಕಥೆಗಳನ್ನು ಕಂಡು, ಮೂಲದಲ್ಲಿ ಇಲ್ಲದ್ದನ್ನು ಇವರು ಎಲ್ಲಿಂದ ತಂದರು ಎಂದು ಬೇಸರಪಟ್ಟು ಪುಸ್ತಕವನ್ನು ಮುಚ್ಚಿಡುತ್ತಾರೆ. ಇನ್ನು ಕೆಲವರು ಆ ಕಥೆಗಳ ರುಚಿಗೇ ಸೋತು, ಅವು ಮೂಲದ ಯಾವ ಪದಕ್ಕೆ ಅಂಟಿಕೊಂಡು ಹುಟ್ಟಿದವು ಎಂಬುದನ್ನು ಕೇಳುವುದನ್ನೇ ಮರೆಯುತ್ತಾರೆ. ನಾನು ಬಹುಕಾಲ ಎರಡನೆಯ ಗುಂಪಿನಲ್ಲಿದ್ದೆ. ಕಥೆಗಳನ್ನು ಗುರುತು ಹಾಕಿಕೊಂಡು ಓದುತ್ತಿದ್ದೆನೇ ಹೊರತು, ವಚನವನ್ನು, ಅಂದರೆ ಬೈಬಲಿನ ಮೂಲವಾಕ್ಯವನ್ನು, ಓದುತ್ತಿರಲಿಲ್ಲ.

ಈ ಎರಡೂ ತಪ್ಪುಗಳಿಗೆ ಮೂಲ ಒಂದೇ. ಈ ವ್ಯಾಖ್ಯಾನಕಾರರು, ಅದರಲ್ಲಿಯೂ ರಾಶಿ ಎಂಬ ಹೆಸರಿನಿಂದ ಪ್ರಸಿದ್ಧರಾದವರು, ಬರೆದಿಡುವುದು ಉತ್ತರವನ್ನು ಮಾತ್ರ. ಪ್ರಶ್ನೆಯನ್ನು ಅವರು ಬಹುಮಟ್ಟಿಗೆ ಬರೆಯುವುದಿಲ್ಲ, ಏಕೆಂದರೆ ವಚನವನ್ನು ಗಮನವಿಟ್ಟು ಓದಿದವರು ಅಲ್ಲಿ ತಾವೇ ಎಡವಿರುತ್ತಾರೆಂಬುದು ಅವರ ನಂಬಿಕೆ. ನಮ್ಮ ಸಂಸ್ಕೃತ ಭಾಷ್ಯಗಳು ಪೂರ್ವಪಕ್ಷವನ್ನು ಬಿಡಿಸಿ ಹೇಳಿ ಅನಂತರ ಸಿದ್ಧಾಂತಕ್ಕೆ ಬರುವ ಕ್ರಮಕ್ಕೆ ಒಗ್ಗಿದವರಿಗೆ ಇದು ಮೊದಮೊದಲು ವಿಚಿತ್ರವಾಗಿ ಕಾಣುತ್ತದೆ. ಆದ್ದರಿಂದ ಈ ವ್ಯಾಖ್ಯಾನಗಳನ್ನು ಓದುವುದೆಂದರೆ, ಅಚ್ಚಾಗದ ಆ ಪ್ರಶ್ನೆಯನ್ನು ಹುಡುಕುವುದೇ ಆಗಿದೆ. ಅದನ್ನು ಹುಡುಕುವ ಬಗೆಯನ್ನು ಮುಖ್ಯವಾಗಿ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಒಂದು ವಚನವನ್ನು ಹಿಡಿದುಕೊಂಡು ಇಲ್ಲಿ ವಿವರಿಸುತ್ತೇನೆ.

ಕೈಯಲ್ಲಿ ಇರಬೇಕಾದದ್ದು

ಸಂಪ್ರದಾಯದ ಅಚ್ಚಿನ ಪುಟವನ್ನು ‘ಮಿಕ್ರಾಓತ್ ಗೆದೋಲೋತ್’ ಎನ್ನುತ್ತಾರೆ. ನಡುವೆ ದೊಡ್ಡಕ್ಷರಗಳಲ್ಲಿ ಹೀಬ್ರೂ ಮೂಲ, ಪಕ್ಕದಲ್ಲಿ ‘ತರ್ಗುಮ್’ ಎಂಬ ಅರಾಮಿಕ್ ಅನುವಾದ, ಸುತ್ತಲೂ ಬೇರೆಬೇರೆ ಕಾಲದ, ಬೇರೆಬೇರೆ ದೇಶಗಳ ವ್ಯಾಖ್ಯಾನಕಾರರು ಒಂದೇ ಪುಟದಲ್ಲಿ ಒಟ್ಟಿಗೆ ಕುಳಿತಿರುತ್ತಾರೆ. ಈ ವಿನ್ಯಾಸವು ನೆಲೆಗೊಂಡದ್ದು ವೆನಿಸ್ ನಗರದಲ್ಲಿ ಡೇನಿಯಲ್ ಬೊಂಬರ್ಗ್ ಎಂಬ ಕ್ರೈಸ್ತ ಮುದ್ರಕನು 1516–17ರಲ್ಲಿಯೂ 1524–25ರಲ್ಲಿಯೂ ಹೊರತಂದ ಆವೃತ್ತಿಗಳಿಂದ. ಹೀಬ್ರೂ ಬಾರದವರಿಗೆ ಸೆಫಾರಿಯಾ ಎಂಬ ಉಚಿತ ಜಾಲತಾಣವೇ ಸಾಕು. ಅಲ್ಲಿ ವಚನದ ಮೇಲೆ ಒತ್ತಿದರೆ ಆ ವಚನಕ್ಕೆ ಸಂಬಂಧಪಟ್ಟ ವ್ಯಾಖ್ಯಾನಗಳು ಪಕ್ಕದಲ್ಲಿ ತೆರೆದುಕೊಳ್ಳುತ್ತವೆ, ಹಲವಕ್ಕೆ ಇಂಗ್ಲಿಷ್ ಅನುವಾದವೂ ಇರುತ್ತದೆ. ಇದರ ಜೊತೆಗೆ ಒಂದು ಕನ್ನಡ ಬೈಬಲ್, ಮೂಲದ ಒರಟುತನವನ್ನು ನುಣುಪುಮಾಡದೆ ಹಾಗೆಯೇ ಉಳಿಸಿಕೊಂಡ ಇನ್ನೊಂದು ಅನುವಾದ, ಮತ್ತು ಒಂದು ನೋಟುಪುಸ್ತಕ ಇರಲಿ. ಎರಡು ಅನುವಾದಗಳು ಏಕೆಂದರೆ, ಅವೆರಡೂ ಒಂದಕ್ಕೊಂದು ಹೊಂದದೆ ಹೋದ ಜಾಗದಲ್ಲಿ ಮೂಲದಲ್ಲಿ ಏನೋ ತೊಡಕಿದೆ ಎಂಬುದು ಹೀಬ್ರೂ ಅರಿಯದವರಿಗೂ ತಿಳಿದುಬಿಡುತ್ತದೆ.

ನಾಲ್ಕು ಹೆಸರುಗಳನ್ನು ತಿಳಿದಿದ್ದರೆ ಆರಂಭಕ್ಕೆ ಸಾಕು. ರಾಶಿ ಎಂದರೆ ರಬ್ಬಿ (ಯೆಹೂದಿ ಧರ್ಮಗುರು) ಶ್ಲೋಮೊ ಯಿತ್ಸ್‌ಹಾಕಿ ಎಂಬ ಹೆಸರಿನ ಮೊದಲಕ್ಷರಗಳ ಕೂಟ. ಕನ್ನಡದ ಕಣದ ರಾಶಿಗೂ ಜ್ಯೋತಿಷ್ಯದ ರಾಶಿಗೂ ಇದಕ್ಕೂ ಸಂಬಂಧವಿಲ್ಲ. ಅವರು ಫ್ರಾನ್ಸಿನ ತ್ರುವಾ ನಗರದವರು (1040–1105). ಅವರ ಮಗಳ ಮಗ ರಶ್ಬಾಮ್. ಸ್ಪೇನಿನ ತುದೇಲಾದಲ್ಲಿ ಹುಟ್ಟಿ, ಬಾಳಿನ ಉತ್ತರಾರ್ಧವನ್ನು ಇಟಲಿ, ಫ್ರಾನ್ಸ್, ಇಂಗ್ಲೆಂಡುಗಳಲ್ಲಿ ಅಲೆಯುತ್ತ ಕಳೆದ ವೈಯಾಕರಣ ಅಬ್ರಹಾಂ ಇಬ್ನ್ ಎಜ್ರಾ 12ನೆಯ ಶತಮಾನದವರು. ಜಿರೋನಾದ ಮೋಶೆ ಬೆನ್ ನಹ್ಮಾನ್, ಅಂದರೆ ರಂಬಾನ್ (1194–1270), ರಾಶಿಯವರನ್ನೂ ಇಬ್ನ್ ಎಜ್ರಾರನ್ನೂ ಓದಿಕೊಂಡು ಅವರೊಡನೆ ವಾದಿಸಿದವರು. ತತ್ತ್ವಜ್ಞಾನಿ ಮೈಮೊನಿದೀಸ್‌ರನ್ನು ರಂಬಾಮ್ ಎನ್ನುವುದರಿಂದ ಕೊನೆಯ ಅಕ್ಷರವನ್ನು ನೋಡಿಕೊಂಡು ಓದಬೇಕು. ಈ ಗೊಂದಲಕ್ಕೆ ಸಿಕ್ಕದವರು ಕಡಮೆ.

ಮೊದಲು ವ್ಯಾಖ್ಯಾನವನ್ನು ಮುಚ್ಚಿಡಿ

ವ್ಯಾಖ್ಯಾನದ ಮೇಲೆ ಒಂದು ಕಾಗದ ಮುಚ್ಚಿ, ವಚನವನ್ನು ಗಟ್ಟಿಯಾಗಿ, ಮೂರು ಸಲ ಓದಿ. ನಮ್ಮ ವಚನ ಆದಿಕಾಂಡ 4:8, ಅಂದರೆ ನಾಲ್ಕನೆಯ ಅಧ್ಯಾಯದ ಎಂಟನೆಯ ವಚನ; ಆದಾಮ ಹವ್ವರ ಮಕ್ಕಳಾದ ಕಾಯಿನ ಹೇಬೆಲರ ಕಥೆಯದು. ಹೀಬ್ರೂವಿನಲ್ಲಿ ಇರುವಷ್ಟನ್ನೇ, ಒಂದು ಪದವನ್ನೂ ಕೂಡಿಸದೆ ಕನ್ನಡಕ್ಕೆ ತಂದರೆ ಅದು ಹೀಗಾಗುತ್ತದೆ: ‘ಕಾಯಿನನು ತನ್ನ ತಮ್ಮನಾದ ಹೇಬೆಲನಿಗೆ ಎಂದನು, ಅವರು ಹೊಲದಲ್ಲಿದ್ದಾಗ ಕಾಯಿನನು ತನ್ನ ತಮ್ಮನಾದ ಹೇಬೆಲನ ಮೇಲೆ ಎದ್ದು ಅವನನ್ನು ಕೊಂದನು.’

ಕನ್ನಡ ಕಿವಿಗೆ ಈ ತೊಡಕು ತಟ್ಟನೆ ಕೇಳಿಸುತ್ತದೆ. ‘ಎಂದನು’ ಎಂಬ ಕ್ರಿಯಾಪದದ ಹಿಂದೆ ಆಡಿದ ಮಾತು ಇರಲೇಬೇಕು. ಅದಿಲ್ಲದಿದ್ದರೆ ವಾಕ್ಯ ಕುಂಟುತ್ತದೆ. ‘ಮಾತನಾಡಿದನು’ ಎಂದಿದ್ದರೆ ಈ ಅಡ್ಡಿ ಇರುತ್ತಿರಲಿಲ್ಲ. ಹೀಬ್ರೂವಿನಲ್ಲಿಯೂ ಹೆಚ್ಚುಕಡಮೆ ಹಾಗೆಯೇ: ಇಲ್ಲಿ ಬಂದಿರುವ ‘ವಯ್ಯೋಮೆರ್’ ಎಂಬ ಕ್ರಿಯಾಪದವು ತನ್ನ ಮುಂದೆ ಆಡಿದ ಮಾತನ್ನು ನಿರೀಕ್ಷಿಸುತ್ತದೆ, ಆದರೆ ಆ ಮಾತು ಇಲ್ಲ. ಜಗತ್ತಿನ ಮೊದಲ ಕೊಲೆಯ ಮುನ್ನ ಅಣ್ಣನು ತಮ್ಮನಿಗೆ ಏನು ಹೇಳಿದನು ಎಂಬ ಜಾಗವು ಖಾಲಿಯಾಗಿದೆ.

ಇಷ್ಟು ಕಂಡ ಮೇಲೆ ಬಗ್ಗಿ ಇನ್ನಷ್ಟು ನೋಡಿ. ಸ್ಥಳ ಹೊಲವೆಂದು ಏಕೆ ಹೇಳಬೇಕಾಯಿತು? ‘ತನ್ನ ತಮ್ಮ’ ಎಂಬುದು ಒಂದೇ ವಚನದಲ್ಲಿ ಎರಡು ಸಲ ಏಕೆ ಬಂತು? ಎರಡನೆಯಿಂದ ಹನ್ನೊಂದನೆಯ ವಚನದವರೆಗೆ ಎಣಿಸಿದರೆ ಈ ಪದ ಏಳು ಸಲ ಬಂದಿರುವುದು ಕಾಣುತ್ತದೆ. (ಹೀಬ್ರೂವಿನ ಆ ಪದಕ್ಕೆ ಅಣ್ಣ, ತಮ್ಮ ಎಂಬ ಭೇದವಿಲ್ಲ, ಅದು ಸಹೋದರ ಎಂದಷ್ಟೇ ಹೇಳುತ್ತದೆ, ಕನ್ನಡ ಮಾತ್ರ ಒಂದನ್ನು ಆರಿಸಿಕೊಳ್ಳಲೇಬೇಕು.) ಕಂಡದ್ದನ್ನೆಲ್ಲ ನೋಟುಪುಸ್ತಕದಲ್ಲಿ ಪ್ರಶ್ನೆಗಳಾಗಿ ಬರೆದುಕೊಳ್ಳಿ. ಉತ್ತರವನ್ನು ಊಹಿಸಬೇಡಿ.

ತೊಡಕುಗಳಲ್ಲಿ ಕೆಲವು ಜಾತಿಗಳು ಮತ್ತೆಮತ್ತೆ ಬರುತ್ತವೆ. ಇರಬೇಕಾದ ಪದ ಇಲ್ಲದಿರುವುದು, ಬೇಡದ ಪದ ಇರುವುದು, ಏಕವಚನದ ಜಾಗದಲ್ಲಿ ಬಹುವಚನ, ಯಾರನ್ನು ಕುರಿತದ್ದೆಂದು ತಿಳಿಯದ ಸರ್ವನಾಮ, ಇನ್ನೊಂದು ಕಡೆ ಹೇಳಿದ್ದಕ್ಕೆ ವಿರುದ್ಧವಾದ ಮಾತು, ಮತ್ತು ಓದುವುದಕ್ಕೇ ಮುಜುಗರವಾಗುವ ನಡತೆ. 4:8 ಮೊದಲನೆಯ ಜಾತಿಯದು. ಅದೇ ಅಧ್ಯಾಯದ ಹತ್ತನೆಯ ವಚನದಲ್ಲಿ ಮೂರನೆಯ ಜಾತಿಯ ಉದಾಹರಣೆಯಿದೆ: ಅಲ್ಲಿ ನೆಲದಿಂದ ಕೂಗುವುದು ಹೇಬೆಲನ ‘ರಕ್ತ’ವಲ್ಲ, ಮೂಲದಲ್ಲಿ ‘ರಕ್ತಗಳು’. ಹರಿದದ್ದು ಅವನ ರಕ್ತವೂ ಅವನಿಂದ ಹುಟ್ಟಬೇಕಾಗಿದ್ದ ಸಂತತಿಯ ರಕ್ತವೂ ಎಂದು ಯೆಹೂದಿ ಧರ್ಮಶಾಸ್ತ್ರದ ಪ್ರಾಚೀನ ಸಂಗ್ರಹವಾದ ಮಿಶ್ನಾ ಗ್ರಂಥವು (ಸನ್ಹೆದ್ರಿನ್ 4:5) ಆ ಬಹುವಚನವನ್ನು ವಿವರಿಸಿ, ಕೊಲೆಯ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಬಂದವರಿಗೆ ಕೊಡುವ ಎಚ್ಚರಿಕೆಯ ಮಾತಿನಲ್ಲಿ ಇದನ್ನು ಸೇರಿಸಿದೆ. ಅನುವಾದಗಳು ‘ರಕ್ತ’ ಎಂದು ಸರಿಪಡಿಸಿಬಿಟ್ಟರೆ ಈ ವಿವರಣೆ ಎಲ್ಲಿಂದ ಬಂತೆಂಬುದೇ ತಿಳಿಯುವುದಿಲ್ಲ.

ಪಾಠಾಂತರವನ್ನು ನೋಡುವುದು

ನಿಮ್ಮ ಕನ್ನಡ ಬೈಬಲಿನಲ್ಲಿ ಈ ವಚನದ ಖಾಲಿ ಜಾಗ ಕಾಣದೆ, ಹೊಲಕ್ಕೋ ಅಡವಿಗೋ ಹೋಗೋಣ ಬಾ ಎಂಬ ಅರ್ಥದ ಮಾತು ಇದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಗ್ರೀಕ್ ಅನುವಾದವಾದ ಸೆಪ್ಟುವಜಿಂಟ್, ಸಮಾರ್ಯರ ಪಂಚಗ್ರಂಥ (ಬೈಬಲಿನ ಮೊದಲ ಐದು ಪುಸ್ತಕಗಳು), ಸಿರಿಯಾಕ್ ಅನುವಾದವಾದ ಪೆಶಿತ್ತಾ ಮತ್ತು ಲ್ಯಾಟಿನ್ ವಲ್ಗೇಟ್ ಇವುಗಳಲ್ಲಿ ಅಂಥ ಮಾತಿದೆ. ಇಂದಿನ ಅನೇಕ ಅನುವಾದಕರು ಅದನ್ನೇ ಅನುಸರಿಸುತ್ತಾರೆ. ಬರೆಯುವವರ ಕೈತಪ್ಪಿನಿಂದ ಹೀಬ್ರೂ ಪಾಠದಲ್ಲಿ ಆ ಮಾತು ಬಿಟ್ಟುಹೋಗಿರಬಹುದು ಎಂಬುದು ಇಂದಿನ ವಿದ್ವಾಂಸರಲ್ಲಿ ಹಲವರ ಅಭಿಪ್ರಾಯ. ಸಂಪ್ರದಾಯದ ವ್ಯಾಖ್ಯಾನಕಾರರು ಆ ದಾರಿ ಹಿಡಿಯುವುದಿಲ್ಲ. ಕೈಗೆ ಬಂದ ಪಾಠ ಹೀಗಿದೆ, ಹೀಗಿರುವುದರಿಂದಲೇ ಅರ್ಥ ಹುಟ್ಟಬೇಕು ಎಂಬುದು ಅವರ ನಿಲುವು. ಇದನ್ನು ನೀವು ಒಪ್ಪಬೇಕೆಂದೇನೂ ಇಲ್ಲ. ಆದರೆ ಓದುವ ಹೊತ್ತಿಗೆ ಈ ಕಟ್ಟುಪಾಡನ್ನು ಆಟದ ನಿಯಮದಂತೆ ಸ್ವೀಕರಿಸದಿದ್ದರೆ ಅವರ ಯಾವ ಮಾತೂ ಹಿಡಿತಕ್ಕೆ ಸಿಗುವುದಿಲ್ಲ.

ಈಗ ಕಾಗದ ತೆಗೆಯಿರಿ

ವ್ಯಾಖ್ಯಾನದ ಪ್ರತಿಯೊಂದು ಟಿಪ್ಪಣಿಯೂ ಮೂಲದ ಒಂದೆರಡು ಪದಗಳಿಂದ ಆರಂಭವಾಗುತ್ತದೆ. ನಮ್ಮ ಟೀಕಾಪದ್ಧತಿಯಲ್ಲಿ ಇದನ್ನು ಪ್ರತೀಕವೆನ್ನುತ್ತಾರೆ. ಅರ್ಧಕ್ಕರ್ಧ ಓದುಗರು ಪ್ರತೀಕವನ್ನು ಹಾರಿಸಿ ವಿವರಣೆಗೆ ಹೋಗುತ್ತಾರೆ, ಅಲ್ಲಿಯೇ ದಾರಿ ತಪ್ಪುತ್ತದೆ, ಏಕೆಂದರೆ ಅಚ್ಚಾಗದ ಪ್ರಶ್ನೆ ಅಡಗಿರುವುದು ಪ್ರತೀಕದೊಳಗೆ. ರಾಶಿಯವರು ಇಲ್ಲಿ ಎತ್ತಿಕೊಂಡ ಪ್ರತೀಕ ‘ಕಾಯಿನನು ಹೇಬೆಲನಿಗೆ ಎಂದನು’ ಎಂಬ ಭಾಗ ಮಾತ್ರ. ಹೊಲವಾಗಲಿ ಕೊಲೆಯಾಗಲಿ ಅದರಲ್ಲಿಲ್ಲ. ಅವರ ವಿವರಣೆಯ ಸಾರ ಇಷ್ಟು: ಕಾಯಿನನು ತಮ್ಮನನ್ನು ಕೊಲ್ಲುವುದಕ್ಕೆ ನೆಪ ಹುಡುಕುತ್ತ ಅವನೊಡನೆ ಜಗಳದ ಮಾತು ತೆಗೆದನು, ಈ ಬಗ್ಗೆ ಬೇರೆ ಮಿದ್ರಾಶ್ ಕಥೆಗಳು (ಹಿಂದಿನ ರಬ್ಬಿಗಳು ವಚನದ ಪದಗಳನ್ನು ಹಿಡಿದು ಕಟ್ಟಿದವು) ಇವೆ, ಆದರೆ ವಚನಕ್ಕೆ ಹೊಂದಿಕೆಯಾಗುವ ಅರ್ಥ ಇದು.

ಈಗ ನಿಮ್ಮ ಪಟ್ಟಿಯನ್ನು ಇದರ ಪಕ್ಕಕ್ಕಿಟ್ಟು ನೋಡಿ. ಅವರು ಆಡಿದ ಮಾತನ್ನು ಅಧ್ಯಾಹಾರ ಮಾಡಿಕೊಳ್ಳಲಿಲ್ಲ, ಅಂದರೆ ಬಿಟ್ಟುಹೋದ ಪದಗಳನ್ನು ತುಂಬಲಿಲ್ಲ. ಮಾತಿನ ಬದಲು ಮಾತಿನ ಉದ್ದೇಶವನ್ನು ಹೇಳಿದರು. ಜಗಳ ತೆಗೆಯುವವನಿಗೆ ವಿಷಯ ಯಾವುದಾದರೂ ಆದೀತು, ಆದ್ದರಿಂದಲೇ ವಚನ ಅದನ್ನು ಬರೆಯಲಿಲ್ಲ ಎಂಬುದು ಇದರಿಂದ ನನಗೆ ತೋರುವ ಅರ್ಥ. ರಾಶಿಯವರು ಹಾಗೆಂದು ಬಾಯಿಬಿಟ್ಟು ಹೇಳಿಲ್ಲ.

ಅವರು ಬದಿಗಿಟ್ಟ ಮಿದ್ರಾಶ್ ಕಥೆಗಳನ್ನು ಈ ಹಂತದಲ್ಲಿ ಓದಬೇಕು, ಮುಂಚೆ ಅಲ್ಲ. ಇಸ್ರಾಯೇಲ್ ನಾಡಿನಲ್ಲಿ ಸುಮಾರು 5ನೆಯ ಶತಮಾನದಲ್ಲಿ ರೂಪುಗೊಂಡ ‘ಬೆರೆಶಿತ್ ರಬ್ಬಾ’ ಎಂಬ ಸಂಗ್ರಹದ 22ನೆಯ ಪ್ರಕರಣದಲ್ಲಿ ಅವು ಇವೆ. ಅಣ್ಣತಮ್ಮಂದಿರು ಏತಕ್ಕಾಗಿ ಜಗಳವಾಡಿದರು ಎಂದು ಕೇಳಿ, ಅದು ಒಂದರ ಮೇಲೊಂದು ಉತ್ತರ ಕೊಡುತ್ತದೆ. ಒಂದರ ಪ್ರಕಾರ ಅವರು ಜಗತ್ತನ್ನು ಹಿಸ್ಸೆ ಮಾಡಿಕೊಂಡರು: ಒಬ್ಬನಿಗೆ ಸ್ಥಿರಾಸ್ತಿ, ಇನ್ನೊಬ್ಬನಿಗೆ ಚರಾಸ್ತಿ. ನೀನು ನಿಂತ ನೆಲ ನನ್ನದು ಎಂದು ಇವನು, ನೀನು ಉಟ್ಟ ಬಟ್ಟೆ ನನ್ನದು ಎಂದು ಅವನು; ಬಿಚ್ಚು ಎಂದು ಒಬ್ಬ, ಹಾಗಾದರೆ ಗಾಳಿಯಲ್ಲಿ ಹಾರು ಎಂದು ಇನ್ನೊಬ್ಬ. ಹಿಸ್ಸೆಯ ಜಗಳ ನಮ್ಮ ಊರುಗಳಲ್ಲಿ ಕಂಡವರಿಗೆ ಇದರಲ್ಲಿ ಹೊಸತೇನೂ ಇರಲಾರದು. ಇನ್ನೊಂದರ ಪ್ರಕಾರ, ಮುಂದೆ ದೇವಾಲಯ ಯಾರ ಪಾಲಿನ ಭೂಮಿಯಲ್ಲಿ ನಿಲ್ಲಬೇಕು ಎಂಬುದೇ ಜಗಳ. ಮೂರನೆಯದರಲ್ಲಿ ಹೆಣ್ಣಿನ ವಿಷಯವಿದೆ: ಹೇಬೆಲನ ಜೊತೆ ಹೆಚ್ಚಾಗಿ ಒಬ್ಬ ಅವಳಿ ಸೋದರಿ ಹುಟ್ಟಿದ್ದಳು, ಹಿರಿಯನೆಂದು ಒಬ್ಬನೂ ಒಡಹುಟ್ಟಿದವಳೆಂದು ಇನ್ನೊಬ್ಬನೂ ಅವಳ ಮೇಲೆ ಹಕ್ಕು ಸಾಧಿಸಿದರು.

ಪ್ರತಿಯೊಂದು ಕಥೆಗೂ ‘ಇದು ಯಾವ ಪದಕ್ಕೆ ನೇತುಬಿದ್ದಿದೆ?’ ಎಂದು ಕೇಳಬೇಕು. ದೇವಾಲಯದ ಕಥೆ ‘ಹೊಲ’ ಎಂಬ ಪದಕ್ಕೆ ನೇತುಬಿದ್ದಿದೆ; ಚೀಯೋನನ್ನು (ದೇವಾಲಯವಿದ್ದ ಜೆರೂಸಲೇಮಿನ ಬೆಟ್ಟವನ್ನು) ಹೊಲದಂತೆ ಉಳುವರು ಎಂಬ, ಪ್ರವಾದಿ ಮೀಕನ ಪುಸ್ತಕದ 3:12ರ ಮಾತನ್ನು ಮಿದ್ರಾಶ್ ತಾನೇ ಎತ್ತಿ ತೋರಿಸುತ್ತದೆ. ಅವಳಿ ಸೋದರಿಯರ ವಿಚಾರವು ಇದೇ ಅಧ್ಯಾಯದ ಮೊದಲೆರಡು ವಚನಗಳಲ್ಲಿ ಮರಳಿಮರಳಿ ಬರುವ ‘ಎತ್’ ಎಂಬ ಪುಟ್ಟ ಪದದಿಂದ ಬಂದದ್ದು. ಕನ್ನಡದ ‘ಅನ್ನು’ ಪ್ರತ್ಯಯದಂತೆ ಕರ್ಮವನ್ನು ತೋರಿಸುವ ಈ ಪದವನ್ನು ರಬ್ಬಿಗಳು ಹೆಚ್ಚುವರಿಯೆಂದು ತಿಳಿದು, ಪ್ರತಿ ‘ಎತ್’ಗೂ ಒಬ್ಬಳಂತೆ ಅವಳಿ ಸೋದರಿಯರನ್ನು ಎಣಿಸಿದರು. ಇದು ಅತಿಯೆನ್ನಿಸಬಹುದು. ನನಗೂ ಅನ್ನಿಸುತ್ತದೆ. ಆದರೆ ಇನ್ನೊಂದು ತೊಡಕನ್ನು, ಕಾಯಿನನಿಗೆ ಹೆಂಡತಿ ಎಲ್ಲಿಂದ ಬಂದಳು ಎಂಬುದನ್ನು, ಇದೇ ಪರಿಹರಿಸುತ್ತದೆಂಬುದನ್ನು ಮರೆಯಬಾರದು.

ತೂಗಿ ನೋಡುವ ಹಂತ

ನೇರ ಅರ್ಥಕ್ಕೆ ‘ಪೆಶಾತ್’ ಎಂದೂ ಹುಡುಕಿ ತೆಗೆದ ಅರ್ಥಕ್ಕೆ ‘ದ್ರಾಶ್’ ಎಂದೂ ಹೆಸರು. ನಾಲ್ಕು ಸ್ತರಗಳ ಅರ್ಥವನ್ನು ಹೇಳುವ ‘ಪರ್ದೇಸ್’ ಎಂಬ ವಿಭಾಗವನ್ನು ಪರಿಚಯ ಲೇಖನಗಳು ಮೊದಲೇ ಮುಂದಿಡುತ್ತವೆ. ಆರಂಭದಲ್ಲಿ ಅದನ್ನು ಬಿಟ್ಟು ಈ ಎರಡನ್ನೇ ಹಿಡಿದುಕೊಳ್ಳುವುದು ಲೇಸು. ಆದಿಕಾಂಡ 3:8ರ ಟಿಪ್ಪಣಿಯಲ್ಲಿ ರಾಶಿಯವರು ತಮ್ಮ ನೀತಿಯನ್ನು ಹೇಳಿಕೊಂಡಿದ್ದಾರೆ: ಮಿದ್ರಾಶ್‌ಗಳು ಅನೇಕವಿವೆ, ಅವುಗಳನ್ನು ಹಿಂದಿನವರು ಜೋಡಿಸಿಟ್ಟಿದ್ದಾರೆ, ತಾನು ಬಂದಿರುವುದು ನೇರ ಅರ್ಥವನ್ನೂ ಮೂಲದ ಮಾತುಗಳನ್ನು ಅವುಗಳ ಸ್ಥಾನದಲ್ಲಿ ಕೂರಿಸಿಕೊಡುವ ಕಥೆಗಳನ್ನೂ ಕೊಡುವುದಕ್ಕೆ ಮಾತ್ರ. ಆದ್ದರಿಂದ ಅವರು ಯಾವುದನ್ನು ಆರಿಸಿದರು ಎಂಬುದರಷ್ಟೇ ಯಾವುದನ್ನು ಬಿಟ್ಟರು ಎಂಬುದೂ ಓದುವ ವಿಷಯ. ಮೊಮ್ಮಗ ರಶ್ಬಾಮ್ ಈ ಆಯ್ಕೆಯಿಂದಲೂ ತೃಪ್ತರಾಗಲಿಲ್ಲ. ತಾನು ಅಜ್ಜನೊಡನೆ ವಾದಿಸಿದಾಗ, ಬಿಡುವಿದ್ದಿದ್ದರೆ ದಿನದಿನವೂ ಹೊಸದಾಗಿ ಹೊಳೆಯುವ ನೇರ ಅರ್ಥಗಳಿಗೆ ತಕ್ಕಂತೆ ಬೇರೆ ವ್ಯಾಖ್ಯಾನ ಬರೆಯಬೇಕಾಗಿತ್ತೆಂದು ಅಜ್ಜನೇ ಒಪ್ಪಿದರೆಂದು ಅವರು ಆದಿಕಾಂಡ 37:2ರಲ್ಲಿ ಬರೆದಿಟ್ಟಿದ್ದಾರೆ. ದುರದೃಷ್ಟಕ್ಕೆ ನಮ್ಮ ವಚನಕ್ಕೆ ರಶ್ಬಾಮ್ ಬರೆದದ್ದು ಉಳಿದುಬಂದಿಲ್ಲ.

ಇಬ್ನ್ ಎಜ್ರಾ ಮತ್ತು ರಂಬಾನ್ ಇಬ್ಬರೂ ಇದ್ದಾರೆ. ಇಬ್ನ್ ಎಜ್ರಾ ಹಿಂದಿನ ವಚನಗಳನ್ನು ನೋಡುತ್ತಾರೆ: ದೇವರು ಈಗಷ್ಟೇ ಕಾಯಿನನನ್ನು ಗದರಿಸಿದ್ದಾನೆ, ಆ ಗದರಿಕೆಯ ಮಾತುಗಳನ್ನೆಲ್ಲ ಅವನು ತಮ್ಮನಿಗೆ ಹೇಳಿದನೆಂಬುದು ತನಗೆ ಹತ್ತಿರವೆನಿಸುತ್ತದೆ ಎನ್ನುತ್ತಾರೆ. ರಂಬಾನ್ ಮುಂದಿನ ಮಾತನ್ನು ನೋಡುತ್ತಾರೆ: ‘ಎಂದನು’ ಎಂಬುದು ‘ಹೊಲದಲ್ಲಿದ್ದಾಗ’ ಎಂಬುದಕ್ಕೆ ಜೋಡಿಕೊಂಡಿದೆ, ಹೊಲಕ್ಕೆ ಹೋಗೋಣವೆಂದು ಕರೆದುಕೊಂಡು ಹೋಗಿ ಗುಟ್ಟಾಗಿ ಕೊಂದನು. ಗ್ರೀಕ್ ಪಾಠದಲ್ಲಿರುವ ಮಾತನ್ನೇ ಇವರು ಪಾಠವನ್ನು ತಿದ್ದದೆ, ವಾಕ್ಯದ ಅನ್ವಯದಿಂದಲೇ ಪಡೆದುಕೊಂಡಿರುವುದು ಗಮನಿಸಬೇಕಾದ ಸಂಗತಿ. ಹೀಗೆ ಒಬ್ಬರು ಹಿಂದಕ್ಕೂ ಒಬ್ಬರು ಮುಂದಕ್ಕೂ ಕೈಚಾಚಿ ಒಂದೇ ಹಳ್ಳವನ್ನು ತುಂಬುತ್ತಾರೆ. ನೋಟುಪುಸ್ತಕದಲ್ಲಿ ಪ್ರತಿ ವ್ಯಾಖ್ಯಾನಕಾರರ ಹೆಸರಿನ ಮುಂದೆ ಮೂರು ವಿಷಯ ಬರೆಯಿರಿ: ಅವರು ಕಂಡ ತೊಡಕು, ಆಧಾರಕ್ಕೆ ಹಿಡಿದ ಪದ, ಅವರ ಉತ್ತರದಿಂದ ಹೊಸದಾಗಿ ಹುಟ್ಟುವ ತೊಡಕು. ಮೂರನೆಯದನ್ನು ತಪ್ಪಿಸಬೇಡಿ. ಇಬ್ನ್ ಎಜ್ರಾ ಹೇಳಿದಂತೆ ಕಾಯಿನನು ದೇವರ ಗದರಿಕೆಯನ್ನು ತಮ್ಮನ ಮುಂದೆ ತೋಡಿಕೊಂಡಿದ್ದರೆ, ಅಷ್ಟು ಮನಬಿಚ್ಚಿದವನು ಕೊಂದದ್ದೇಕೆ ಎಂಬುದು ನನ್ನ ಪುಸ್ತಕದಲ್ಲಿ ಇನ್ನೂ ಉತ್ತರವಿಲ್ಲದೆ ಕುಳಿತಿದೆ.

ಸರ್ವನಾಮ ಕೈಕೊಟ್ಟಾಗ

ಎರಡನೆಯ ಅಭ್ಯಾಸಕ್ಕೆ ವಿಮೋಚನಕಾಂಡ 4:24–26 ತಕ್ಕದ್ದು. ಮೋಶೆ ದೇವರ ಅಪ್ಪಣೆಯಂತೆ ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಹೊರಟಿದ್ದಾನೆ. ದಾರಿಯ ತಂಗುದಾಣದಲ್ಲಿ ಕರ್ತನು ‘ಅವನನ್ನು’ ಎದುರುಗೊಂಡು ‘ಅವನನ್ನು’ ಕೊಲ್ಲಲು ನೋಡುತ್ತಾನೆ. ಹೆಂಡತಿ ಚಿಪ್ಪೋರಳು ಚಕಮಕಿ ಕಲ್ಲಿನಿಂದ ಮಗನಿಗೆ ಸುನ್ನತಿ ಮಾಡಿ, ‘ಅವನ’ ಕಾಲಿಗೆ ಮುಟ್ಟಿಸಿ, ನೀನು ನನಗೆ ರಕ್ತದ ಮದುಮಗ ಎನ್ನುತ್ತಾಳೆ. ಈ ‘ಅವನು’ಗಳು ಯಾರುಯಾರು? ಕನ್ನಡದಲ್ಲಿಯೂ ಈ ಸರ್ವನಾಮಗಳು ಅಷ್ಟೇ ಅಸ್ಪಷ್ಟವಾಗಿ ಉಳಿಯುವುದರಿಂದ, ಪ್ರತಿಯೊಂದರ ಕೆಳಗೂ ಗೆರೆ ಎಳೆದು, ಮೋಶೆ ಎಂದು ಇಟ್ಟು ಒಮ್ಮೆ, ಮಗು ಎಂದು ಇಟ್ಟು ಒಮ್ಮೆ ಓದಿ. ಅನಂತರ ಹಿಂದಿನ ವಚನವನ್ನು ನೋಡಿ: ಅಲ್ಲಿ ಫರೋಹನ ಚೊಚ್ಚಲ ಮಗನನ್ನು ಕೊಲ್ಲುವ ಮಾತು ಬಂದಿದೆ, ಆದ್ದರಿಂದ ಮಗುವೆಂಬ ಓದಿಗೆ ಸಂದರ್ಭದ ಬೆಂಬಲವೂ ಇದೆ.

ಮಿಶ್ನಾದ ಮೇಲೆ ರಬ್ಬಿಗಳು ನಡೆಸಿದ ಚರ್ಚೆಗಳ ಸಂಗ್ರಹವಾದ ತಾಲ್ಮೂದಿನ ನೆದಾರಿಮ್ ಭಾಗದಲ್ಲಿ (31ಬಿ–32ಎ) ಇದೇ ವಾದ ನಡೆದಿದೆ. ಸುನ್ನತಿಯಲ್ಲಿ ಅಲಕ್ಷ್ಯ ಮಾಡಿದ್ದಕ್ಕೆ ಮೋಶೆಗೇ ಅಪಾಯ ಬಂತೆಂದು ಒಬ್ಬರು. ಅಲಕ್ಷ್ಯವೆನ್ನಬಾರದು, ಅವನು ಮೊದಲು ತಂಗುವ ಏರ್ಪಾಟಿಗೆ ಕೈಹಾಕಿದ್ದೇ ತಪ್ಪೆಂದು ಇನ್ನೊಬ್ಬರು. ಕೊಲ್ಲಲು ನೋಡಿದ್ದು ಮಗುವನ್ನೆಂದು ಮತ್ತೊಬ್ಬರು. ‘ತಂಗುದಾಣ’ ಎಂಬ ಪದ ಎರಡನೆಯವರ ಕೈಯಲ್ಲಿ ಹೇಗೆ ಸಾಕ್ಷಿಯಾಯಿತು ನೋಡಿ. ರಶ್ಬಾಮ್ ಸುನ್ನತಿಯ ದಾರಿಯನ್ನೇ ಬಿಟ್ಟು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೊರಟು ಪ್ರಯಾಣದಲ್ಲಿ ತಡಮಾಡಿದ್ದೇ ಕಾರಣವೆನ್ನುತ್ತಾರೆ. ‘ಮದುಮಗ’ ಎಂಬ ಪದಕ್ಕೆ, ಸುನ್ನತಿಯಾದ ಮಗನನ್ನು ಹೆಂಗಸರು ಮದುಮಗನೆಂದು ಕರೆಯುವ ರೂಢಿಯಿದೆ ಎಂದು ಇಬ್ನ್ ಎಜ್ರಾ ವಿವರಿಸುತ್ತಾರೆ. ಎಲ್ಲ ಸರ್ವನಾಮಗಳನ್ನೂ ನುಣ್ಣಗೆ ಬಿಡಿಸಿದ ಉತ್ತರ ನಾನು ನೋಡಿದವುಗಳಲ್ಲಿ ಒಂದೂ ಇಲ್ಲ.

ಮುಜುಗರದ ವಚನಗಳು

ಕೆಲವು ಕಡೆ ತೊಡಕಿರುವುದು ಭಾಷೆಯಲ್ಲಿ ಅಲ್ಲ, ನಡತೆಯಲ್ಲಿ. ಆದಿಕಾಂಡ 35:22ರಲ್ಲಿ ರೂಬೇನನು ತಂದೆಯ ಉಪಪತ್ನಿ ಬಿಲ್ಹಾಳ ಜೊತೆ ಮಲಗಿದನು, ಇಸ್ರಾಯೇಲನು (ತಂದೆ ಯಾಕೋಬನ ಇನ್ನೊಂದು ಹೆಸರು) ಅದನ್ನು ಕೇಳಿದನು ಎಂದಿದೆ; ಅಲ್ಲಿಗೆ ವಾಕ್ಯ ತುಂಡಾಗಿ, ಹಸ್ತಪ್ರತಿಯಲ್ಲಿ ಖಾಲಿ ಜಾಗ ಬಿಟ್ಟು, ಯಾಕೋಬನ ಮಕ್ಕಳು ಹನ್ನೆರಡು ಮಂದಿ ಎಂದು ಅದೇ ವಚನ ಮುಂದುವರಿಯುತ್ತದೆ. ಸಾರ್ವಜನಿಕ ಪಠಣದಲ್ಲಿ ಈ ಪ್ರಸಂಗವನ್ನು ಓದಬೇಕು, ಆದರೆ ಅರಾಮಿಕ್‌ಗೆ ಅನುವಾದಿಸಬಾರದು ಎಂದು ಮಿಶ್ನಾ (ಮೆಗಿಲ್ಲಾ 4:10) ವಿಧಿಸಿದೆ. ತಾಲ್ಮೂದಿನ ಶಬ್ಬಾತ್ ಭಾಗ (55ಬಿ) ರೂಬೇನನು ಪಾಪ ಮಾಡಿದನೆನ್ನುವವನು ತಪ್ಪಿದವನು ಎನ್ನುತ್ತದೆ. ಹನ್ನೆರಡು ಮಂದಿ ಎಂಬ ಮುಂದಿನ ಮಾತು ಎಲ್ಲರೂ ಸಮಾನರೆಂದು ಸೂಚಿಸುತ್ತದೆಂಬುದು ಅದರ ಆಧಾರ. ಹೆಂಡತಿ ರಾಹೇಲಳು ತೀರಿಕೊಂಡ ಮೇಲೆ ಯಾಕೋಬನು ಹಾಸಿಗೆಯನ್ನು ಅವಳ ದಾಸಿಯಾದ ಬಿಲ್ಹಾಳ ಡೇರೆಗೆ ಸಾಗಿಸಿದನು, ತನ್ನ ತಾಯಿ ಲೇಯಳಿಗಾದ ಅವಮಾನವನ್ನು ಸಹಿಸದೆ ರೂಬೇನನು ಆ ಹಾಸಿಗೆಯನ್ನು ಕದಲಿಸಿದನು ಎಂದು ರಾಶಿಯವರು ಬರೆಯುತ್ತಾರೆ. ಇಂಥ ಕಡೆ ‘ಮುಚ್ಚಿಹಾಕುತ್ತಿದ್ದಾರೆ’ ಎಂದು ತಕ್ಷಣ ತೀರ್ಪು ಕೊಡುವ ಮುನ್ನ, ಒಂದು ಮಾತನ್ನು ಗಮನಿಸಬೇಕು: ವಚನವನ್ನು ಅವರು ತೆಗೆದುಹಾಕಲಿಲ್ಲ, ಸಭೆಯಲ್ಲಿ ಓದುವುದನ್ನು ನಿಲ್ಲಿಸಲೂ ಇಲ್ಲ. ಮೂಲ ಪುಟದ ನಡುವೆ ದೊಡ್ಡಕ್ಷರಗಳಲ್ಲಿಯೇ ಇದೆ, ಸಮಜಾಯಿಷಿ ಅಂಚಿನಲ್ಲಿದೆ. ಈ ಸಮಜಾಯಿಷಿ ನನ್ನನ್ನು ಒಪ್ಪಿಸುವುದಿಲ್ಲ, ಆದರೂ ಮಲತಾಯಂದಿರ ಮನೆಯಲ್ಲಿ ಹಾಸಿಗೆ ಎಲ್ಲಿ ಹಾಸುತ್ತಾರೆಂಬುದು ಮಗನಿಗೆ ಎಷ್ಟು ದೊಡ್ಡ ವಿಷಯವೆಂಬುದನ್ನು ಅದು ಕಂಡುಕೊಂಡಿದೆ.

ಜೊತೆಗಾರರು ಮತ್ತು ವೇಗ

ಈ ಓದನ್ನು ಸಂಪ್ರದಾಯದಲ್ಲಿ ಒಬ್ಬರೇ ಮಾಡುವುದಿಲ್ಲ. ಇಬ್ಬರು ಎದುರುಬದುರು ಕುಳಿತು ಗಟ್ಟಿಯಾಗಿ ಓದಿ ವಾದಿಸುವುದಕ್ಕೆ ‘ಹವ್ರೂತಾ’ ಎಂದು ಹೆಸರು. ನಿಮಗೆ ಜೊತೆ ಸಿಕ್ಕರೆ, ಒಬ್ಬರು ವಚನವನ್ನು ಓದಿ ತೊಡಕನ್ನು ಹೇಳಲಿ, ಇನ್ನೊಬ್ಬರು ತೊಡಕೇ ಇಲ್ಲವೆಂದು ಸಾಧಿಸಲಿ. ವ್ಯಾಖ್ಯಾನವನ್ನು ಆಮೇಲೆ ತೆರೆಯಿರಿ. ಒಂದು ಸಂಜೆಗೆ ಒಂದು ವಚನ ಸಾಕು. ಪಂಚಗ್ರಂಥವನ್ನು ಯೆಹೂದಿಗಳು ವಾರಕ್ಕೊಂದು ಭಾಗದಂತೆ ವರ್ಷಕ್ಕೊಮ್ಮೆ ಮುಗಿಸುವುದರಿಂದ, ಆ ವಾರದ ಭಾಗದಲ್ಲಿಯೇ ಒಂದು ವಚನವನ್ನು ಆರಿಸಿಕೊಂಡರೆ ಹುಡುಕಾಟ ತಪ್ಪುತ್ತದೆ. ಅಧ್ಯಾಯದ ಅಂಚುಗಳಲ್ಲಿ ವಚನಸಂಖ್ಯೆ ಒಂದು ಹಿಂದುಮುಂದಾಗಿರಬಹುದು; ಆದಿಕಾಂಡದ 32ನೆಯ ಅಧ್ಯಾಯದಲ್ಲಿ ಹೀಬ್ರೂ ಎಣಿಕೆಗೂ ಹಲವು ಅನುವಾದಗಳ ಎಣಿಕೆಗೂ ಹಾಗೆ ಒಂದರ ವ್ಯತ್ಯಾಸವಿದೆ.

ಇಷ್ಟು ಅಭ್ಯಾಸವಾದ ಮೇಲೆ ಆದಿಕಾಂಡ 28:5ಕ್ಕೆ ಹೋಗಿ. ಇಸಾಕನು ಯಾಕೋಬನನ್ನು ಕಳುಹಿಸಿಕೊಟ್ಟನು, ಅವನು ಲಾಬಾನನ ಬಳಿಗೆ ಹೊರಟನು ಎಂದು ಹೇಳುತ್ತ, ಆ ಲಾಬಾನನು ‘ಯಾಕೋಬ ಏಸಾವರ ತಾಯಿಯಾದ’ ರೆಬೆಕ್ಕಳ ಅಣ್ಣನೆಂದು ವಚನ ಮುಗಿಯುತ್ತದೆ. ರೆಬೆಕ್ಕಳು ಯಾರ ತಾಯಿಯೆಂಬುದು ಇಷ್ಟು ಅಧ್ಯಾಯಗಳನ್ನು ಓದಿಬಂದವರಿಗೆ ಗೊತ್ತೇ ಇದೆ. ಆ ಪದಗಳನ್ನೇ ಪ್ರತೀಕವಾಗಿ ಎತ್ತಿಕೊಂಡು ರಾಶಿಯವರು ಬರೆದದ್ದು ಇಷ್ಟೇ: ಇದು ನಮಗೆ ಏನನ್ನು ಕಲಿಸುತ್ತದೆಯೋ ನಾನು ಅರಿಯೆ. ಸುಮ್ಮನೆ ಮುಂದಿನ ವಚನಕ್ಕೆ ಹೋಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಅವರು ನಿಂತು, ಇಲ್ಲಿ ಪ್ರಶ್ನೆಯಿದೆ ಎಂದು ಗುರುತುಹಾಕಿ ಹೋಗಿದ್ದಾರೆ. ನಿಮ್ಮ ನೋಟುಪುಸ್ತಕದಲ್ಲಿ ಆ ಸಾಲಿನ ಕೆಳಗೆ ಅರ್ಧ ಪುಟ ಬಿಟ್ಟು, ಬೇರೆಯವರ ವ್ಯಾಖ್ಯಾನ ತೆರೆಯುವ ಮುಂಚೆ, ಅಲ್ಲಿ ನಿಮ್ಮ ಮಾತನ್ನು ಬರೆಯಿರಿ.